ವಲಸೆ ಮೀನುಗಾರಿಕೆ, ಹಾವೇರಿ ಜಿಲ್ಲೆ
ಕಡಲಿನಿಂದ ಏರಿಬರುವ ಮೀನು ಹಾವೇರಿ ಸೀಮೆಯ ಬಲೆಗೆ ಬೀಳುವ ಸಂಭವ ಈಗ ತೀರ ಕಡಿಮೆ. ಹಾವೇರಿ ಬಯಲಿನ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ರಾಣೆಬೆನ್ನೂರಿನ ಅಂಚಿನಲ್ಲಿ ಹರಿಯುವ ತುಂಗಭದ್ರೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ದಾರಿಯಲ್ಲಿ ಹೊಸಪೇಟೆಯ ಅಣೆಕಟ್ಟು (1953), ಶ್ರೀಶೈಲ, ನಾಗಾರ್ಜುನಸಾಗರ ಅಡ್ಡ ನಿಂತಿವೆ. ಕಡಲಲ್ಲಿ ಹುಟ್ಟಿ ಸಿಹಿನೀರಲ್ಲಿ ಬೆಳೆಯುವ ಹಾವುಮೀನು ಒದ್ದೆ ನೆಲದ ಮೇಲೂ ತೆವಳಬಲ್ಲದು ಎನ್ನಬಹುದು. ಆದರೆ ಸಾಲು ಜಲಾಶಯ ದಾಟಲು ಅಷ್ಟು ಸಾಲದು. ಕಾಟ್ಲಾ, ರೋಹು ಆ ನಷ್ಟ ತುಂಬಿವೆ ಎಂಬ ವಾದ ಅರ್ಧ ನಿಜ: ಬ್ಯಾಡಗಿಯಂಥ ಕಡೆಯ ನಿಂತ ಕೆರೆನೀರಲ್ಲಿ ಅವು ಮರಿ ಮಾಡುವುದಿಲ್ಲ, ಮತ್ತೆ ಮತ್ತೆ ಮರಿ ಬಿಡಬೇಕು. ಹೊಳೆಯದೇ ಗೆಂಡೆಗಳು ಮಾತ್ರ ಮುಂಗಾರಿನ ಕೆಂಪು ನೀರಿಗೆ ಎದುರೀಜಿ ಮೊಟ್ಟೆ ಇಡುತ್ತವೆ. ಹೊಟ್ಟೆ ಒತ್ತಿದರೆ ತತ್ತಿ ಸುರಿಯುವ ಆ ದಿನಗಳಲ್ಲಿ ಬಲೆ ನಿಲ್ಲಿಸಿದರೆ ಮೀನುಗಾರರಿಗೇ ಲಾಭ.