ನಿಲ್ಲಬಾರದ ಕನ್ನಡಿ

ಕತ್ತಲಲ್ಲಿ ಊದುಬತ್ತಿಯ ಕೆಂಡದ ತುದಿಯನ್ನು ಗರಗರನೆ ತಿರುಗಿಸಿದರೆ ಗಾಳಿಯಲ್ಲಿ ಕೆಂಪು ಬಳೆಯೊಂದು ಕಾಣುತ್ತದೆ. ನಿಜಕ್ಕೂ ಅಲ್ಲಿ ಬಳೆಯಿಲ್ಲ, ಇರುವುದು ಒಂದು ಚುಕ್ಕಿ. ಗೌಡಪಾದರ ಮಾಂಡೂಕ್ಯ ಕಾರಿಕೆಯ ಕೊನೆಯ ಪ್ರಕರಣಕ್ಕೆ ‘ಅಲಾತಶಾಂತಿ’ ಎಂಬ ಹೆಸರು ಬಂದದ್ದು ಈ ಉಪಮೆಯಿಂದಲೇ. ಕೊಳ್ಳಿ ತಿರುಗುವಷ್ಟು ಹೊತ್ತು ಆಕಾರಗಳು, ನಿಂತರೆ ಶಾಂತಿ.

ಲೇಸರ್ ಪ್ರದರ್ಶನವೂ ಇದೇ ಕಣ್ಕಟ್ಟು. ಬೆರಳುಗುರಿನಷ್ಟು ದೊಡ್ಡ ಎರಡು ಕನ್ನಡಿಗಳು, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ, ಒಂದೇ ಚುಕ್ಕಿಯನ್ನು ಅಷ್ಟು ವೇಗವಾಗಿ ಓಡಿಸುತ್ತವೆ. ಕಣ್ಣಿಗೆ ಅದು ಹೂವಾಗಿ, ಅಲೆಯಾಗಿ, ಹಕ್ಕಿಯಾಗಿ ತೋರುತ್ತದೆ. ಆದರೆ ಇಲ್ಲಿ ಕೊಳ್ಳಿ ನಿಂತರೆ ಶಾಂತಿಯಿಲ್ಲ. ಕನ್ನಡಿ ನಿಂತ ಗಳಿಗೆಯಲ್ಲೇ ಇಡೀ ಚಿತ್ರಕ್ಕೆ ಹಂಚಿಹೋಗಿದ್ದ ಬೆಳಕೆಲ್ಲ ಒಂದೇ ಬಿಂದುವಿಗೆ ಬಂದು ಕೂರುತ್ತದೆ. ಆ ಬಿಂದುವಿನ ದಾರಿಯಲ್ಲಿ ಯಾರದೋ ಕಣ್ಣಿದ್ದರೆ ಕತೆ ಮುಗಿಯಿತು. ಇಂಥ ಪ್ರೊಜೆಕ್ಟರುಗಳನ್ನು ಮನೆಯಲ್ಲೇ ಕಟ್ಟಿಕೊಂಡ ಹವ್ಯಾಸಿಗಳ ಇತಿಹಾಸ ಬಹುಪಾಲು ಈ ನಿಂತ ಕನ್ನಡಿಯ ಭಯದ ಇತಿಹಾಸ.

ಕನ್ನಡಿ ಕುಣಿಸಿ ಬೆಳಕಿನಲ್ಲಿ ಚಿತ್ರ ಬರೆಯುವ ಉಪಾಯ ಲೇಸರಿಗಿಂತ ನೂರು ವರ್ಷ ಹಳೆಯದು. ಫ್ರಾನ್ಸಿನ ಭೌತವಿಜ್ಞಾನಿ ಜೂಲ್ ಆಂತ್ವಾನ್ ಲಿಸಾಜು 1850ರ ದಶಕದಲ್ಲಿ ಎರಡು ಶ್ರುತಿಕವೆಗಳಿಗೆ ಪುಟ್ಟ ಕನ್ನಡಿ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಬೆಳಕು ಹಾಯಿಸಿ, ಗೋಡೆಯ ಮೇಲೆ ಮೂಡಿದ ಸುರುಳಿಗಳನ್ನು ನೋಡಿದ. ಎರಡು ಸ್ವರಗಳು ಹೊಂದಿದರೆ ಚಿತ್ರ ನಿಲ್ಲುತ್ತದೆ, ಶ್ರುತಿ ತುಸು ತಪ್ಪಿದರೆ ಮೆಲ್ಲಗೆ ಹೊರಳುತ್ತದೆ. ಅವನಿಗೆ ಬೇಕಿದ್ದದ್ದು ನಾದವನ್ನು ಕಣ್ಣಿನಿಂದ ಅಳೆಯುವುದು. ಇಂದಿಗೂ ಶಾಲಾ ಹುಡುಗನೊಬ್ಬ ಹಳೆಯ ಸ್ಪೀಕರಿನ ಮೇಲೆ ರಬ್ಬರ್ ಹಾಳೆ ಎಳೆದು ಕಟ್ಟಿ, ಅದಕ್ಕೊಂದು ಕನ್ನಡಿ ಚೂರು ಅಂಟಿಸಿ, ಪಾಯಿಂಟರಿನ ಬೆಳಕು ಬಿಟ್ಟು ಹಾಡು ಹಾಕಿದರೆ ಅವನು ಮಾಡುತ್ತಿರುವುದು ಲಿಸಾಜುವಿನ ಪ್ರಯೋಗವನ್ನೇ.

ಲೇಸರ್ ಬಂದದ್ದು 1960ರ ಮೇ 16ರಂದು, ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿದ್ದ ಹ್ಯೂಸ್ ಸಂಶೋಧನಾಲಯದಲ್ಲಿ. ಥಿಯೊಡೋರ್ ಮೈಮನ್ ಕಟ್ಟಿದ ಮಾಣಿಕ್ಯದ ಲೇಸರನ್ನು ಪತ್ರಿಕೆಗಳು ‘ಸಾವಿನ ಕಿರಣ’ ಎಂದು ಕರೆದವು. 1962ರಲ್ಲಿ ಹೀಲಿಯಂ-ನಿಯಾನ್ ಲೇಸರಿನಿಂದ ಕಣ್ಣಿಗೆ ಕಾಣುವ ಕೆಂಪು ಕಿರಣ ಹೊರಟಿತು. 1964ರ ಸೆಪ್ಟೆಂಬರಿಗಾಗಲೇ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಹವ್ಯಾಸಿ ವಿಜ್ಞಾನಿಗಳ ಅಂಕಣ ಅದನ್ನು ಮನೆಯಲ್ಲಿ ಕಟ್ಟುವ ಬಗೆಯನ್ನು ವಿವರಿಸಿತ್ತು. ಅಂಕಣವನ್ನು ನಡೆಸುತ್ತಿದ್ದವರು ಸಿ. ಎಲ್. ಸ್ಟಾಂಗ್. ಪ್ರಯೋಗಾಲಯದಿಂದ ಅಡುಗೆಮನೆಯ ಮೇಜಿಗೆ ಬರಲು ಒಂದು ಆವಿಷ್ಕಾರಕ್ಕೆ ಎರಡೇ ವರ್ಷ ಸಾಕಾಗಿತ್ತು. ಗಾಜು ಊದುವುದು, ನಿರ್ವಾತ ಪಂಪು, ಸಾವಿರಾರು ವೋಲ್ಟಿನ ವಿದ್ಯುತ್ತು, ಎಲ್ಲವನ್ನೂ ಕಲಿಯಬೇಕಾಗಿದ್ದ ಕೆಲಸ ಅದು; ಅರ್ಧಕ್ಕೆ ಬಿಟ್ಟವರೇ ಹೆಚ್ಚಿದ್ದಿರಬೇಕು.

ಅದೇ 1964ರಲ್ಲಿ ಹ್ಯೂಸ್‌ನ ವಿಲಿಯಂ ಬ್ರಿಜಸ್ ಆರ್ಗಾನ್ ಅಯಾನ್ ಲೇಸರನ್ನು ಕಂಡುಹಿಡಿದರು. ಹಸಿರು ಮತ್ತು ನೀಲಿ ಸಿಕ್ಕವು. ಕ್ರಿಪ್ಟಾನ್ ಅನಿಲ ಇನ್ನೂ ಉದಾರಿ: ಕೆಂಪು, ಹಳದಿ, ಹಸಿರು, ನೀಲಿ ನಾಲ್ಕನ್ನೂ ಒಂದೇ ಕೊಳವೆಯಿಂದ ಕೊಡುತ್ತಿತ್ತು. ಇವು ಬಂದ ಮೇಲೆ ಕಲಾವಿದರಿಗೆ ಆಸೆ ಹುಟ್ಟಿತು.

ಲೋವೆಲ್ ಕ್ರಾಸ್ ಅವರಲ್ಲೊಬ್ಬರು. 1968ರ ಮಾರ್ಚಿನಲ್ಲಿ ಟೊರೊಂಟೋದ ರಂಗವೇದಿಕೆಯ ಮೇಲೆ ಜಾನ್ ಕೇಜ್ ಮತ್ತು ಮಾರ್ಸೆಲ್ ದುಶಾಂ ಚದುರಂಗ ಆಡಿದಾಗ, ಕಾಯಿ ಎತ್ತಿಟ್ಟಂತೆಲ್ಲ ಸಭಾಂಗಣದ ಸಂಗೀತ ಬದಲಾಗುವಂಥ ಹಾಸನ್ನು ಕಟ್ಟಿಕೊಟ್ಟವರು ಇವರೇ. ಮರುವರ್ಷ, 1969ರ ಮೇ 9ರಂದು, ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿನಲ್ಲಿ ಭೌತವಿಜ್ಞಾನಿ ಕಾರ್ಸನ್ ಜೆಫ್ರಿಸ್ ಮತ್ತು ಸಂಗೀತಗಾರ ಡೇವಿಡ್ ಟ್ಯೂಡರ್ ಜೊತೆಗೂಡಿ ಸಂಗೀತದ ವಿದ್ಯುತ್ ಸಂಕೇತಗಳಿಂದಲೇ ಕನ್ನಡಿಗಳನ್ನು ಕುಣಿಸಿ ಬಣ್ಣಬಣ್ಣದ ಲೇಸರ್ ರೇಖೆಗಳನ್ನು ಸಾರ್ವಜನಿಕರಿಗೆ ತೋರಿಸಿದರು. ಇದರ ಮುಂದಿನ ರೂಪ 1970ರ ಒಸಾಕಾ ವಸ್ತುಪ್ರದರ್ಶನದ ಪೆಪ್ಸಿ ಮಂಟಪಕ್ಕೆ ಹೋಯಿತು. ಮೂವರೂ ಪ್ರದರ್ಶನದ ವ್ಯಾಪಾರಿಗಳಲ್ಲ. ಹವ್ಯಾಸಿ ಎಂಬ ಮಾತಿನ ಒಳ್ಳೆಯ ಅರ್ಥಕ್ಕೆ ಸಲ್ಲುವವರು.

ವ್ಯಾಪಾರ ಬಂದದ್ದು ಲಾಸ್ ಏಂಜಲೀಸಿನಿಂದ. ಕ್ಯಾಲ್ಟೆಕ್‌ನಲ್ಲಿದ್ದ ಎಲ್ಸಾ ಗಾರ್ಮೈರ್ ಲೇಸರಿನಿಂದ ಮೂಡಿಸುತ್ತಿದ್ದ ಚಿತ್ತಾರಗಳನ್ನು ಚಿತ್ರೀಕರಿಸಲು ಹೋದ ಐವನ್ ಡ್ರೈಯರ್, ಆ ಬೆಳಕಿನ ಹೊಳಪು ಫಿಲ್ಮಿನಲ್ಲಿ ಸಾಯುತ್ತದೆ ಎಂದು ಕಂಡುಕೊಂಡರು. ಹಾಗಾದರೆ ಜನರ ಮುಂದೆಯೇ ತೋರಿಸಬೇಕು. 1973ರ ನವೆಂಬರ್ 19ರಂದು ಗ್ರಿಫಿತ್ ವೀಕ್ಷಣಾಲಯದ ತಾರಾಲಯದಲ್ಲಿ ‘ಲೇಸೇರಿಯಂ’ ಆರಂಭವಾಯಿತು. ಸುಮಾರು ಒಂದು ವ್ಯಾಟಿನ ಕ್ರಿಪ್ಟಾನ್ ಲೇಸರ್, ಬಣ್ಣ ಬೇರ್ಪಡಿಸಲು ಪಟ್ಟಕ, ಗುಬುಟು ಹಿಡಿದು ಸಂಗೀತಕ್ಕೆ ತಕ್ಕಂತೆ ಪ್ರತಿರಾತ್ರಿ ಹೊಸದಾಗಿ ನುಡಿಸುವ ಒಬ್ಬ ಕಲಾವಿದ. ಬೆಳಕೆಲ್ಲ ಗುಮ್ಮಟದ ಒಳಮೈ ಮೇಲೆ, ಪ್ರೇಕ್ಷಕರ ತಲೆಗಳಿಗಿಂತ ಎಷ್ಟೋ ಮೇಲೆ. ಆ ಸುರಕ್ಷತೆಯನ್ನು ಯಾರೂ ಕೂತು ಯೋಚಿಸಬೇಕಾಗಿರಲಿಲ್ಲ, ಕಟ್ಟಡದ ಆಕಾರವೇ ಅದನ್ನು ಒದಗಿಸಿತ್ತು.

ತೊಂದರೆ ಶುರುವಾದದ್ದು ರಾಕ್ ಸಂಗೀತದ ವೇದಿಕೆಗಳು ಕಿರಣವನ್ನು ಛಾವಣಿಯಿಂದ ಇಳಿಸಿ ಹೊಗೆಯ ನಡುವೆ ಜನರತ್ತ ತಿರುಗಿಸಿದಾಗ. ಅಮೆರಿಕದಲ್ಲಿ 1976ರ ಆಗಸ್ಟ್ 2ರಿಂದ ಲೇಸರ್ ಉಪಕರಣಗಳಿಗೆ ಕೇಂದ್ರ ಸರ್ಕಾರದ ಮಾನದಂಡ ಜಾರಿಗೆ ಬಂತು. ಬೀಗದ ಕೈ, ಕಿರಣ ಹೊರಡುವುದನ್ನು ಮೊದಲೇ ತಿಳಿಸುವ ದೀಪ, ದೂರದಿಂದ ನಿಲ್ಲಿಸುವ ತಂತಿ, ಕಿರಣಕ್ಕೆ ಅಡ್ಡ ಬೀಳುವ ಮುಚ್ಚಳ ಕಡ್ಡಾಯವಾದವು. 5 ಮಿಲಿವ್ಯಾಟ್ ಮೀರಿದ ಪ್ರದರ್ಶನಕ್ಕೆ ವಿಶೇಷ ಅನುಮತಿ ಬೇಕಾಯಿತು. ಅದರ ಷರತ್ತಿನ ಪ್ರಕಾರ ಕಿರಣ ಪ್ರೇಕ್ಷಕರು ನಿಲ್ಲುವ ನೆಲದಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ, ಪಕ್ಕದಲ್ಲಾದರೆ 2.5 ಮೀಟರ್ ದೂರದಲ್ಲಿ ಇರಬೇಕು.

ಮನೆಯ ಹವ್ಯಾಸಿಯನ್ನು ಆ ದಿನಗಳಲ್ಲಿ ತಡೆದದ್ದು ಮಾತ್ರ ಕಾನೂನಲ್ಲ. ಬೆಲೆಯೇ ಬೇಲಿಯಾಗಿತ್ತು. ಕೆಲವೇ ವ್ಯಾಟ್ ಬೆಳಕು ಕೊಡುವ ಆರ್ಗಾನ್ ಲೇಸರಿಗೆ ಹತ್ತಾರು ಕಿಲೋವ್ಯಾಟ್ ವಿದ್ಯುತ್ತು, ಮೂರು ಫೇಸಿನ ಸಂಪರ್ಕ, ಒಂದೇ ಸಮನೆ ಹರಿಯುವ ತಣ್ಣೀರು ಬೇಕು. ಹವ್ಯಾಸಿಯ ಕೈಗೆ ಸಿಗುತ್ತಿದ್ದದ್ದು ಅಂಗಡಿಯ ಬಾರ್‌ಕೋಡ್ ಯಂತ್ರದಿಂದಲೋ ಪ್ರಯೋಗಾಲಯದ ಗುಜರಿಯಿಂದಲೋ ಬಂದ, ಕೆಲವು ಮಿಲಿವ್ಯಾಟಿನ ಹೀಲಿಯಂ-ನಿಯಾನ್ ಕೊಳವೆ. ಅದರಿಂದ ಕಣ್ಣಿಗೆ ಅಂಥ ಅಪಾಯವಿರಲಿಲ್ಲ. ಕೊಲ್ಲಬಹುದಾಗಿದ್ದದ್ದು ಅದರ ಹಿಂದಿನ ವಿದ್ಯುತ್ ಪೆಟ್ಟಿಗೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿಯುವ ವಿದ್ಯುತ್ತು. ಲೇಸರ್ ಕೆಲಸದಲ್ಲಿ ಸತ್ತವರು ಹೆಚ್ಚಾಗಿ ಸತ್ತದ್ದು ಶಾಕ್ ಹೊಡೆದೇ. ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡು ಎಂಬ ಹಳೆಯ ರೇಡಿಯೋ ಮೆಕ್ಯಾನಿಕ್‌ಗಳ ಬುದ್ಧಿಮಾತು ಇಲ್ಲಿಗೂ ಬಂದದ್ದು ಅದಕ್ಕೇ.

ಆ ಬೇಲಿ ಬಿದ್ದದ್ದು ಸದ್ದಿಲ್ಲದೆ. ಡಿವಿಡಿ ಬರೆಯುವ ಡ್ರೈವುಗಳು ಅಗ್ಗವಾದಾಗ ಅದರೊಳಗಿನ ಅಕ್ಕಿಕಾಳಿನಷ್ಟು ಡಯೋಡು 200 ಮಿಲಿವ್ಯಾಟ್ ಆಸುಪಾಸಿನ ಕೆಂಪು ಬೆಳಕು ಕೊಡುತ್ತದೆಂದು ಹವ್ಯಾಸಿಗಳಿಗೆ ತಿಳಿಯಿತು. ಹಸಿರಿಗೆ ದಾರಿ ಸುತ್ತಿನದು: 808 ನ್ಯಾನೊಮೀಟರಿನ ಕಾಣದ ಬೆಳಕು ಒಂದು ಹರಳನ್ನು ಉದ್ದೀಪಿಸಿ, ಅದು 1064ರ ಕಾಣದ ಬೆಳಕು ಕೊಟ್ಟು, ಇನ್ನೊಂದು ಹರಳು ಅದನ್ನು 532ರ ಹಸಿರಾಗಿಸಬೇಕು. ಅಗ್ಗದ ತಯಾರಕರು ಕೊನೆಯಲ್ಲಿರಬೇಕಾದ ಶೋಧಕವನ್ನು ಬಿಟ್ಟುಬಿಟ್ಟರೆ ಹಸಿರಿನ ಜೊತೆ ಕಾಣದ ಬೆಳಕೂ ಹೊರಬರುತ್ತದೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದ ಒಂದು ಅಗ್ಗದ ಹಸಿರು ಪಾಯಿಂಟರ್ ಸುಮಾರು 20 ಮಿಲಿವ್ಯಾಟ್ ಅತಿಗೆಂಪು ಸೂಸುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ.

ಅದೇ ವರ್ಷ ಕ್ಯಾಸಿಯೊ ಕಂಪನಿ ಸಭಾಂಗಣಗಳಿಗೆಂದು ತಂದ ಪ್ರೊಜೆಕ್ಟರಿನಲ್ಲಿ ದೀಪದ ಬದಲು 24 ನೀಲಿ ಲೇಸರ್ ಡಯೋಡುಗಳಿದ್ದವು, ಒಂದೊಂದೂ ಸುಮಾರು ಒಂದು ವ್ಯಾಟಿನದು. ಹವ್ಯಾಸಿಗಳು ಹೊಸ ಪ್ರೊಜೆಕ್ಟರನ್ನೇ ಕೊಂಡು, ಒಡೆದು, ಡಯೋಡುಗಳನ್ನು ಹಂಚಿಕೊಂಡರು. ಡ್ರೈಯರ್ ಇಡೀ ಗುಮ್ಮಟವನ್ನು ತುಂಬಿದಷ್ಟು ಬೆಳಕು ಈಗ ಅಂಗಿಯ ಜೇಬಿನಲ್ಲಿತ್ತು. ಈ ನೀಲಿಯಲ್ಲಿ ಇನ್ನೊಂದು ಮೋಸವೂ ಇದೆ. ನಮ್ಮ ಕಣ್ಣು ನೀಲಿಗೆ ಮಂದ. ಒಂದು ವ್ಯಾಟ್ ನೀಲಿ ಕಣ್ಣಿಗೆ ಸುಮಾರು 30 ಮಿಲಿವ್ಯಾಟ್ ಹಸಿರಿನಷ್ಟೇ ಪ್ರಕಾಶವಾಗಿ ತೋರುತ್ತದೆ. ನೋಡಿ ಅಳೆಯುವವನಿಗೆ ಅಪಾಯ ಮೂವತ್ತರಲ್ಲೊಂದು ಪಾಲಾಗಿ ಕಾಣುತ್ತದೆ, ಸುಡುವುದು ಮಾತ್ರ ಪೂರ್ತಿ.

ಲೆಕ್ಕ ಇಲ್ಲಿ ಅನಿವಾರ್ಯ. ಕತ್ತಲಲ್ಲಿ ಅರಳಿದ ಪಾಪೆಯ ಅಗಲ ಸುಮಾರು 7 ಮಿಲಿಮೀಟರ್. ಬೆಳಕು ಚುಚ್ಚಿದಾಗ ರೆಪ್ಪೆ ಮುಚ್ಚಲು ಕಾಲು ಸೆಕೆಂಡು. ಅಷ್ಟರೊಳಗೆ ಪಾಪೆಯ ಮೂಲಕ ಹೋಗಬಹುದಾದ ಸುರಕ್ಷಿತ ಪ್ರಮಾಣ ಹೆಚ್ಚುಕಡಿಮೆ ಒಂದು ಮಿಲಿವ್ಯಾಟ್. ಒಂದು ವ್ಯಾಟಿನ ನಿಂತ ಕಿರಣ ಅದರ ಸಾವಿರ ಪಟ್ಟು. ಅದೇ ಕಿರಣ 10 ಮೀಟರ್ ದೂರದಲ್ಲಿ 7 ಮೀಟರ್ ಅಗಲದ ಬೀಸಣಿಗೆಯಾಗಿ ಸೆಕೆಂಡಿಗೆ 60 ಸಲ ಬೀಸುತ್ತಿದ್ದರೆ ಪಾಪೆಯನ್ನು ದಾಟಲು ಅದಕ್ಕೆ ಸುಮಾರು 17 ಮೈಕ್ರೊಸೆಕೆಂಡು ಸಾಕು. ನಿಂತ ಕಿರಣ ಕಾಲು ಸೆಕೆಂಡಿನಲ್ಲಿ ಸುರಿಯುವುದು ಇದರ 15,000 ಪಟ್ಟು. ಇದನ್ನು ಕೇಳಿ ಅನೇಕರು ಓಡುವ ಕಿರಣ ಸುರಕ್ಷಿತ ಎಂದು ತಿಳಿದುಕೊಂಡರು. ಅದು ತಪ್ಪು. ಅಷ್ಟು ಕಿರು ಅವಧಿಗೆ ಕಣ್ಣು ತಾಳುವ ಮಿತಿಯೂ ಅಷ್ಟೇ ಕಿರಿದು; ಇಕ್ಕಟ್ಟಾದ ಒಂದು ವ್ಯಾಟಿನ ಕಿರಣ ಓಡುತ್ತಿರುವಾಗಲೂ ಆ ಮಿತಿಯನ್ನು ಹಲವು ಪಟ್ಟು ಮೀರಬಲ್ಲದು. ಎಚ್ಚರದ ಹವ್ಯಾಸಿಗಳು ಮನೆಯಲ್ಲಿ ಕಟ್ಟಿದ ಪ್ರೊಜೆಕ್ಟರನ್ನು ಜನರತ್ತ ತಿರುಗಿಸುವುದೇ ಇಲ್ಲ ಎಂದು ಪಟ್ಟು ಹಿಡಿದದ್ದಕ್ಕೆ ಇದು ಕಾರಣ.

ಪಟ್ಟು ಹಿಡಿಯದಿದ್ದರೆ ಆಗುವುದೇನೆಂದು 2008ರ ಜುಲೈನಲ್ಲಿ ರಷ್ಯಾ ಕಂಡಿತು. ಮಾಸ್ಕೋದ ಪೂರ್ವಕ್ಕಿರುವ ಕಿರ್ಝಾಚ್ ಬಳಿಯ ಬಯಲು ಸಂಗೀತೋತ್ಸವದಲ್ಲಿ ಮಳೆ ಬಂತು. ಡೇರೆ ಹಾಕಿದರು. ಆಕಾಶಕ್ಕೆ ಬಿಡಬೇಕಿದ್ದ ಕಿರಣಗಳು ಜನರ ಮಧ್ಯೆ ಬಂದವು. ಕೆಲವು ದಿನಗಳಲ್ಲಿ ಸುಮಾರು 30 ಯುವಕ ಯುವತಿಯರು ರೆಟಿನಾ ಸುಟ್ಟುಕೊಂಡು ಆಸ್ಪತ್ರೆಗೆ ಬಂದರು. ಭಾರತದಲ್ಲಿ ಇದು ಮೆರವಣಿಗೆಯ ರೂಪದಲ್ಲಿ ಬಂದಿದೆ. 2023ರ ಗಣೇಶ ವಿಸರ್ಜನೆಯ ನಂತರ ನಾಸಿಕ್‌ನ ಕಣ್ಣಿನ ವೈದ್ಯರು ಡಿಜೆ ವಾಹನಗಳ ಲೇಸರಿನಿಂದ ರೆಟಿನಾಕ್ಕೆ ಗಾಯವಾದ ಯುವಕರನ್ನು ಕಂಡರು. 2024ರಲ್ಲಿ ಪುಣೆ ಪೊಲೀಸರು ಮೆರವಣಿಗೆಗಳಲ್ಲಿ ಲೇಸರ್ ಕಿರಣಗಳನ್ನು ನಿಷೇಧಿಸಿದರು. ಈ ಪೆಟ್ಟಿಗೆಗಳು ಹವ್ಯಾಸಿಗಳು ಕಟ್ಟಿದವಲ್ಲ, ಬಾಡಿಗೆಗೆ ಸಿಗುವಂಥವು. ಬಾಡಿಗೆಗೆ ತಂದು ಕಟ್ಟಿದವನಿಗೆ ಒಳಗೇನಿದೆ ಎಂದು ಗೊತ್ತಿರುವುದಿಲ್ಲ. ಬೆಸುಗೆ ಹಾಕಿದವನಿಗೆ ಗೊತ್ತಿರುತ್ತದೆ.

ಒಳಗೇನಿದೆ ಎಂದು ಬಲ್ಲವರು ಕಾಲಕ್ರಮದಲ್ಲಿ ರೂಢಿಸಿಕೊಂಡ ಪದ್ಧತಿ ಬಹಳ ಸಾದಾ. ಉಂಗುರ, ಗಡಿಯಾರ ಬಿಚ್ಚಿಡುವುದು, ಯಾಕೆಂದರೆ ಹೊಳೆಯುವ ಲೋಹವೆಲ್ಲ ಇಲ್ಲಿ ಕನ್ನಡಿ. ಮೇಜು ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಕೋಣೆಯಲ್ಲಿ ದೀಪ ಉರಿಯುತ್ತಿರಬೇಕು, ಪಾಪೆ ಕಿರಿದಾಗುತ್ತದೆ. ಬಣ್ಣಕ್ಕೆ ತಕ್ಕ ಕನ್ನಡಕ ಬೇಕು, ಆದರೆ ಕೆಂಪು, ಹಸಿರು, ನೀಲಿ ಮೂರನ್ನೂ ತಡೆಯುವ ಕನ್ನಡಕ ಹಾಕಿದರೆ ಕೆಲಸವೇ ಕಾಣುವುದಿಲ್ಲ. ಅದಕ್ಕಾಗಿ ಒಂದು ಸಲಕ್ಕೆ ಒಂದೇ ಬಣ್ಣವನ್ನು, ಡಯೋಡು ಆಗಷ್ಟೇ ಮಿನುಗುವಷ್ಟು ಕಡಿಮೆ ವಿದ್ಯುತ್ತಿನಲ್ಲಿ ಜೋಡಿಸುತ್ತಾರೆ. ‘ಉಳಿದಿರುವ ಕಣ್ಣಿನಿಂದ ಕಿರಣವನ್ನು ನೋಡಬೇಡಿ’ ಎಂಬ ಫಲಕದ ನಗೆಮಾತು ಇವರ ನಡುವೆ ಎಷ್ಟು ಹಳೆಯದೆಂದರೆ ಯಾರೂ ಈಗ ನಗುವುದಿಲ್ಲ.

ನಿಂತ ಕನ್ನಡಿಗೆ ಬೇರೆಯದೇ ಉಪಾಯ ಬೇಕಾಯಿತು. ದುಡ್ಡಿಲ್ಲದವರು ಕಂಪ್ಯೂಟರಿನ ಸೌಂಡ್ ಕಾರ್ಡಿನ ಕೆಪಾಸಿಟರುಗಳನ್ನು ಕಿತ್ತು, ಅದರಿಂದಲೇ ಕನ್ನಡಿಗಳನ್ನೂ ಬಣ್ಣಗಳನ್ನೂ ನಡೆಸುತ್ತಿದ್ದರು. ಜಾಣ ಉಪಾಯ, ಆದರೆ ಕಂಪ್ಯೂಟರ್ ಹೆಪ್ಪುಗಟ್ಟಿದರೆ ಕನ್ನಡಿ ನಿಂತೂ ಲೇಸರ್ ಉರಿಯುತ್ತಲೇ ಇರಬಹುದು. ಹೀಗಾಗಿ ಕಂಪ್ಯೂಟರನ್ನು ನಂಬದ ಪುಟ್ಟ ಮಂಡಲವೊಂದು ಪೆಟ್ಟಿಗೆಯೊಳಗೆ ಸೇರಿತು. ಕನ್ನಡಿಯ ಮೋಟರಿನಿಂದ ಬರುವ ಸ್ಥಾನಸೂಚಕ ಸಂಕೇತವನ್ನು ಅದು ಸದಾ ಕಾಯುತ್ತದೆ. ಕನ್ನಡಿಗಳು ನಿಜಕ್ಕೂ ಚಲಿಸುತ್ತಿವೆಯೆ? ಕೆಲವು ಮಿಲಿಸೆಕೆಂಡು ಚಲನೆ ಕಾಣದಿದ್ದರೆ ಡಯೋಡಿಗೆ ಹೋಗುವ ವಿದ್ಯುತ್ತನ್ನು ಕಡಿಯುತ್ತದೆ.

ಆ ಮಂಡಲವನ್ನು ಪರೀಕ್ಷಿಸುವ ಬಗೆಯೂ ಸರಳ. ಪ್ರೊಜೆಕ್ಟರನ್ನು ಖಾಲಿ ಗೋಡೆಗೆ ತಿರುಗಿಸಿ, ಕನ್ನಡಕ ಹಾಕಿಕೊಂಡು, ಬೆಳಕನ್ನು ತೀರ ಇಳಿಸಿ, ಒಂದು ವೃತ್ತ ಬರೆಯುತ್ತಿರುವಾಗಲೇ ಕನ್ನಡಿಗಳ ಸಂಕೇತದ ತಂತಿಯನ್ನು ಕಿತ್ತುಬಿಡುವುದು. ಗೋಡೆ ಕತ್ತಲಾಗಬೇಕು. ಒಂದು ಚುಕ್ಕಿ ಉಳಿದರೆ ಪೆಟ್ಟಿಗೆಯ ಮುಚ್ಚಳ ಮತ್ತೆ ಬಿಚ್ಚಿಕೊಳ್ಳುತ್ತದೆ, ಬೆಸುಗೆಯ ಕಡ್ಡಿ ಮತ್ತೆ ಕಾಯಲು ಕೂರುತ್ತದೆ.