ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬಹುದೇ? ಮನೆಯಲ್ಲೇ ಕಾರು ನೋಡಿಕೊಳ್ಳುವವರ ತಪ್ಪುಗಳು

ರೇಡಿಯೇಟರ್‌ಗೆ ಯಾವ ನೀರಾದರೇನು, ತಣ್ಣಗಿದ್ದರೆ ಸಾಕು ಎಂದು ಹಲವರು ನಂಬಿದ್ದಾರೆ. ಕಾರಿನ ಸಣ್ಣಪುಟ್ಟ ಕೆಲಸ ಅಂಗಳದಲ್ಲೇ ಮಾಡಿಕೊಳ್ಳುವುದು ತಪ್ಪಲ್ಲ, ಹಣವೂ ಉಳಿಯುತ್ತದೆ. ಆದರೆ ಈ ನಂಬಿಕೆ ಸೇಡಂ ತಾಲೂಕಿನ ಕೋಡ್ಲಾದಂಥ ಊರುಗಳಲ್ಲಿ ದುಬಾರಿಯಾಗಬಹುದು. ಕಾರಣ ಅಲ್ಲಿನ ನೆಲದಲ್ಲೇ ಇದೆ.

ಸುಣ್ಣದ ಕಲ್ಲು, ಗಡಸು ನೀರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದ ನೆಲದಡಿ ಸುಣ್ಣದ ಕಲ್ಲು ಹಾಸಿಕೊಂಡಿದೆ. ಸಿಮೆಂಟ್ ಕಾರ್ಖಾನೆಗಳು ಬಂದಿದ್ದು ಅದಕ್ಕೇ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲೂ ಅದೇ. ಇಂಥ ಕಲ್ಲಿನ ಸಂದಿಯಲ್ಲಿ ಹರಿದ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಕಾದಾಗ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ಇದು. ರೇಡಿಯೇಟರ್‌ನ ಕೊಳವೆಗಳು ತೀರಾ ಕಿರಿದು. ಪೊರೆ ಕಟ್ಟಿದರೆ ನೀರೂ ಸರಿಯಾಗಿ ಹರಿಯದು, ಶಾಖವೂ ಹೊರಹೋಗದು. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಏಸಿ ಹಾಕಿಕೊಂಡು ಹೊರಟರೆ ಎಂಜಿನ್ ಕುದಿಯಲು ಎಷ್ಟು ಹೊತ್ತು? ಹೆಡ್ ಗ್ಯಾಸ್ಕೆಟ್ ಸುಟ್ಟರೆ ಒಂದು ಡಬ್ಬಿ ಕೂಲಂಟ್‌ನ ಎಷ್ಟೋ ಪಟ್ಟು ಖರ್ಚು.

ಕೂಲಂಟ್ ಎಂದರೆ ಬಣ್ಣದ ನೀರಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಉಳಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಗಾಢ ಕೂಲಂಟ್ ತಂದರೆ ಡಬ್ಬಿಯ ಮೇಲೆ ಹೇಳಿದಷ್ಟು, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ರೆಡಿಮಿಕ್ಸ್‌ಗೆ ನೀರೇ ಬೇಡ. ನಡುದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಎಂಜಿನ್ ತಣ್ಣಗಾದ ಮೇಲೆ ಸಿಕ್ಕ ನೀರು ಹಾಕಿ ಗ್ಯಾರೇಜ್ ಮುಟ್ಟಿ, ಆಮೇಲೆ ಪೂರ್ತಿ ತೆಗೆಸಿ ಹೊಸದು ತುಂಬಿಸಿ. ನೀರು ಹಾಕುವಂಥ ಬ್ಯಾಟರಿಗೂ ಡಿಸ್ಟಿಲ್ಡ್ ವಾಟರೇ, ಆಸಿಡ್ ಅಲ್ಲ.

ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ

ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿದು, ಇದ್ದಕ್ಕಿದ್ದಂತೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆಗೆದರೆ ಏನೂ ಆಗದು ಎಂಬುದು ಸುಳ್ಳು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು.

ಜಾಕ್ ಮೇಲೆ ನಿಂತ ಕಾರಿನಡಿ

ಇದು ಜೀವದ ಪ್ರಶ್ನೆ. ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಆಯಿಲ್ ತೆಗೆಯಲು ಕೆಳಗೆ ನುಸುಳುವವರಿಗೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ನಮ್ಮ ಎರೆ ಮಣ್ಣು ಒಣಗಿದಾಗ ಕಲ್ಲಿನಂತೆ ಕಂಡರೂ ತೇವವಾದರೆ ಮೆತ್ತಗಾಗುತ್ತದೆ, ಜಾಕ್ ಒಂದೇ ಕಡೆ ಕುಸಿಯುತ್ತದೆ. ಅಂಗಳದ ಹಾಸುಗಲ್ಲಿನ ಕೆಳಗೆ ಟೊಳ್ಳಿದ್ದರೆ ಭಾರಕ್ಕೆ ಅದು ಬಿರಿಯಬಹುದು. ಸಮತಟ್ಟಾದ ಕಾಂಕ್ರೀಟ್ ನೆಲ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಕಲ್ಲು ಇಷ್ಟೂ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೇ ಬಿಡಿ.

ಇನ್ನು ಧೂಳು. ಏರ್ ಫಿಲ್ಟರ್‌ಗೆ ಪಂಕ್ಚರ್ ಅಂಗಡಿಯ ಗಾಳಿ ಜೋರಾಗಿ ಹೊಡೆದರೆ ಕಾಗದದ ಎಳೆ ಹರಿಯುತ್ತದೆ. ಕಣ್ಣಿಗೆ ಸ್ವಚ್ಛ ಕಾಣುತ್ತದೆ, ಧೂಳು ಮಾತ್ರ ನೇರ ಎಂಜಿನ್‌ಗೆ ಹೋಗುತ್ತದೆ. ಧೂಳಿನ ದಾರಿಯಲ್ಲಿ ಓಡಾಡುವವರು ಮ್ಯಾನ್ಯುಯಲ್‌ನಲ್ಲಿ ಹೇಳಿದ ಅವಧಿಗಿಂತ ಮೊದಲೇ ಹೊಸ ಫಿಲ್ಟರ್ ಹಾಕಬೇಕು. ಆಯಿಲ್ ಫಿಲ್ಟರ್ ಬದಲಿಸುವಾಗ ಹಳೆಯದರ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿಕೊಂಡಿದೆಯೇ ನೋಡಿ. ಅದರ ಮೇಲೆ ಹೊಸದು ಕೂರಿಸಿದರೆ ಆಯಿಲ್ ಪೂರ್ತಿ ಸೋರಿಹೋಗಬಹುದು.