ತಾಯ್ನಾಡು ಮುಚ್ಚಿದ ಬಾಗಿಲು, ಕಡಲಾಚೆ ತೆರೆದ ಕಾಲೇಜು

ನ್ಯೂಯಾರ್ಕ್ ನಗರದ ಒಂದು ಕಮ್ಮಾರಸಾಲೆ. ಹದಿಹರೆಯದ ಹುಡುಗನೊಬ್ಬನ ಒಂದು ಕೈಯಲ್ಲಿ ತಿದಿಯ ಹಿಡಿ, ಇನ್ನೊಂದು ಕೈಯಲ್ಲಿ ಲ್ಯಾಟಿನ್ ವ್ಯಾಕರಣದ ಪುಸ್ತಕ. ಅವನ ಹೆಸರು ಜೇಮ್ಸ್ ಮೆಕ್ಯೂನ್ ಸ್ಮಿತ್. 1813ರಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿದ ಆತನಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1827ರಲ್ಲಿ, ನ್ಯೂಯಾರ್ಕ್ ರಾಜ್ಯ ಗುಲಾಮಗಿರಿಯನ್ನು ಪೂರ್ತಿಯಾಗಿ ಕೈಬಿಟ್ಟಾಗ. ಕಪ್ಪು ಮಕ್ಕಳಿಗಾಗಿಯೇ ನಡೆಯುತ್ತಿದ್ದ ಆಫ್ರಿಕನ್ ಫ್ರೀ ಸ್ಕೂಲ್‌ನಲ್ಲಿ ಆತ ಮುಂಚೂಣಿಯ ವಿದ್ಯಾರ್ಥಿ. ತಿದಿ ಮತ್ತು ಪುಸ್ತಕದ ಈ ಚಿತ್ರವನ್ನು ಮುಂದೆ ನೆನಪಿಸಿಕೊಂಡವನು ಅವನ ಶಾಲಾ ಗೆಳೆಯ ಹೆನ್ರಿ ಹೈಲ್ಯಾಂಡ್ ಗಾರ್ನೆಟ್.

ಸ್ಮಿತ್‌ಗೆ ವೈದ್ಯನಾಗುವ ಆಸೆ. ಕೊಲಂಬಿಯಾ ಕಾಲೇಜಿಗೆ ಅರ್ಜಿ ಹಾಕಿದ, ಸಿಗಲಿಲ್ಲ. ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನ ಕಾಲೇಜಿಗೆ ಹಾಕಿದ, ಅಲ್ಲೂ ಸಿಗಲಿಲ್ಲ. ಕಲಿಕೆಯಲ್ಲಿ ಕೊರತೆ ಇರಲಿಲ್ಲ, ಅಡ್ಡಬಂದದ್ದು ಮೈಬಣ್ಣ. ಕೊನೆಗೆ ಹಿತೈಷಿಗಳು ಹಣ ಕೂಡಿಸಿಕೊಟ್ಟರು. 1832ರಲ್ಲಿ ಆತ ಹಡಗು ಹತ್ತಿದ. ಸೇರಿಸಿಕೊಂಡದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯ.

ಇಂದು ಪ್ರತಿವರ್ಷ ಸಾವಿರಾರು ಅಮೆರಿಕನ್ ವಿದ್ಯಾರ್ಥಿಗಳು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಾರೆ. ಹಳೆಯ ಕಾಲೇಜುಗಳ ಹೆಸರು, ಮೂರೇ ವರ್ಷದಲ್ಲಿ ಮುಗಿಯುವ ಪದವಿ, ಹೊರದೇಶದ ಅನುಭವ, ಹೀಗೆ ಕಾರಣ ಹಲವು. ಆದರೆ ಈ ಪಯಣದ ಚರಿತ್ರೆಯನ್ನು ಕೆದಕಿದರೆ, ಆಯ್ಕೆಯಿಂದ ಹೋದವರ ಜೊತೆಗೆ ಬೇರೆ ದಾರಿಯೇ ಇಲ್ಲದೆ ಹೋದವರೂ ಸಿಗುತ್ತಾರೆ. ಅವರಿಗೆ ಆ ಪದವಿ, ತಾವೂ ಮನುಷ್ಯರೆಂದು ತಮ್ಮದೇ ದೇಶಕ್ಕೆ ತೋರಿಸಬೇಕಾಗಿದ್ದ ಸಾಕ್ಷಿಪತ್ರವಾಗಿತ್ತು.

ಎಡಿನ್‌ಬರೋ ದಾರಿ

ಸ್ಮಿತ್ ಸ್ಕಾಟ್ಲೆಂಡಿಗೆ ಹೋದದ್ದು ಆಕಸ್ಮಿಕವಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಅಮೆರಿಕದ ಬಿಳಿಯ ಯುವಕರು ವೈದ್ಯಶಾಸ್ತ್ರ ಕಲಿಯಲು ಎಡಿನ್‌ಬರೋಗೆ ಹೋಗುತ್ತಿದ್ದರು. 1763ರಲ್ಲಿ ಅಲ್ಲಿ ಎಂ.ಡಿ. ಪಡೆದ ಜಾನ್ ಮಾರ್ಗನ್, 1765ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಮೊದಲ ವೈದ್ಯ ಶಾಲೆಯನ್ನು ಸ್ಥಾಪಿಸಿದ. 1768ರಲ್ಲಿ ಅಲ್ಲಿಯೇ ಪದವಿ ಪಡೆದ ಬೆಂಜಮಿನ್ ರಶ್, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ.

ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಆಗ ಚರ್ಚಿನ ಬಿಗಿ ಹಿಡಿತವಿತ್ತು. ಚರ್ಚ್ ಆಫ್ ಇಂಗ್ಲೆಂಡಿನ ತತ್ವಗಳಿಗೆ ಒಪ್ಪಿಗೆ ನೀಡುವುದು ಆಕ್ಸ್‌ಫರ್ಡಿನಲ್ಲಿ ದಾಖಲಾಗುವಾಗಲೇ ಕಡ್ಡಾಯ. ಕೇಂಬ್ರಿಜ್‌ನಲ್ಲಿ ಪದವಿ ಪಡೆಯುವಾಗ ಕಡ್ಡಾಯ. 1850ರ ದಶಕದಲ್ಲಿ ಸಡಿಲಗೊಂಡ ಈ ನಿಯಮಗಳು ಬಹುಮಟ್ಟಿಗೆ ಕೊನೆಗೊಂಡದ್ದು 1871ರ ಕಾಯ್ದೆಯಿಂದ. ಸ್ಕಾಟ್ಲೆಂಡಿನಲ್ಲಿ ವಿದ್ಯಾರ್ಥಿಗಳಿಗೆ ಇಂಥ ಕಟ್ಟುಪಾಡು ಇರಲಿಲ್ಲ. ಖರ್ಚೂ ಕಡಿಮೆ. ಸಾಮಾನ್ಯ ಮನೆತನದ ಹುಡುಗರು ಅಲ್ಲಿ ಓದುವುದು ಹೊಸತಾಗಿರಲಿಲ್ಲ.

ಗ್ಲಾಸ್ಗೋದ ವೈದ್ಯ

ಸ್ಮಿತ್ ಗ್ಲಾಸ್ಗೋದಲ್ಲಿ 1835ರಲ್ಲಿ ಬಿ.ಎ., 1836ರಲ್ಲಿ ಎಂ.ಎ., 1837ರಲ್ಲಿ ಎಂ.ಡಿ. ಪಡೆದ. ವೈದ್ಯ ಪದವಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಎಂಬ ಹೆಸರು ಆತನದು. ಓದಿನ ನಡುವೆಯೇ ನಗರದ ಗುಲಾಮಗಿರಿ ವಿರೋಧಿ ಸಂಘದಲ್ಲೂ ದುಡಿದ.

ಇಲ್ಲಿ ಒಂದು ವಿಪರ್ಯಾಸವನ್ನೂ ಗಮನಿಸಬೇಕು. ಗ್ಲಾಸ್ಗೋ ನಗರ ಶ್ರೀಮಂತವಾದದ್ದೇ ತಂಬಾಕು ಮತ್ತು ಸಕ್ಕರೆಯ ವ್ಯಾಪಾರದಿಂದ. ಆ ತಂಬಾಕು, ಸಕ್ಕರೆ ಎರಡೂ ಗುಲಾಮರ ಬೆವರಿನ ಬೆಳೆ. ಆ ಹಣದ ಒಂದು ಪಾಲು ವಿಶ್ವವಿದ್ಯಾಲಯಕ್ಕೂ ದಾನದ ರೂಪದಲ್ಲಿ ಬಂದಿತ್ತು. 2018ರಲ್ಲಿ ವಿಶ್ವವಿದ್ಯಾಲಯವೇ ವರದಿ ಪ್ರಕಟಿಸಿ ಇದನ್ನು ಒಪ್ಪಿಕೊಂಡಿತು. ಗುಲಾಮಗಿರಿಯ ಲಾಭ ಉಂಡ ಸಂಸ್ಥೆಯೇ ಗುಲಾಮಳ ಮಗನಿಗೆ ಪದವಿಯನ್ನೂ ಕೊಟ್ಟಿತ್ತು.

1837ರಲ್ಲಿ ನ್ಯೂಯಾರ್ಕಿಗೆ ಮರಳಿದ ಸ್ಮಿತ್ ಚಿಕಿತ್ಸಾಲಯ ತೆರೆದ, ಔಷಧಿ ಅಂಗಡಿ ಇಟ್ಟ. ಕಪ್ಪು ಅನಾಥ ಮಕ್ಕಳ ಆಶ್ರಮವೊಂದಕ್ಕೆ ಸುಮಾರು ಎರಡು ದಶಕ ವೈದ್ಯನಾಗಿದ್ದ. ಆದರೆ ಗ್ಲಾಸ್ಗೋದ ಓದು ನಿಜವಾಗಿ ಕೆಲಸಕ್ಕೆ ಬಂದದ್ದು ಇನ್ನೊಂದು ಕದನದಲ್ಲಿ.

1840ರ ಅಮೆರಿಕದ ಜನಗಣತಿ ಒಂದು ವಿಚಿತ್ರ ಅಂಕಿಅಂಶ ಮುಂದಿಟ್ಟಿತ್ತು. ದಕ್ಷಿಣದ ಗುಲಾಮರಿಗಿಂತ ಉತ್ತರದ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ಬಹಳ ಹೆಚ್ಚು ಎಂಬುದು ಅದರ ತಾತ್ಪರ್ಯ. ದಕ್ಷಿಣದ ಪ್ರಬಲ ರಾಜಕಾರಣಿ, ವಿದೇಶಾಂಗ ಕಾರ್ಯದರ್ಶಿ ಜಾನ್ ಸಿ. ಕ್ಯಾಲ್ಹೂನ್ 1844ರಲ್ಲಿ ಇದನ್ನೇ ಹಿಡಿದುಕೊಂಡು, ಸ್ವಾತಂತ್ರ್ಯ ಕಪ್ಪು ಜನರಿಗೆ ಒಗ್ಗುವುದಿಲ್ಲ, ಗುಲಾಮಗಿರಿಯೇ ಅವರಿಗೆ ಕ್ಷೇಮ ಎಂದು ವಾದಿಸಿದ. ಸ್ಮಿತ್ ಅದೇ ಅಂಕಿಗಳನ್ನು ಕೂತು ತಾಳೆ ನೋಡಿದ. ಕೆಲವು ಊರುಗಳಲ್ಲಿ ವಾಸವಾಗಿರುವ ಕಪ್ಪು ಜನರಿಗಿಂತ ಹುಚ್ಚು ಹಿಡಿದ ಕಪ್ಪು ಜನರ ಸಂಖ್ಯೆಯೇ ಹೆಚ್ಚಾಗಿತ್ತು! ಇಲ್ಲದ ಜನರಿಗೆ ಹುಚ್ಚು ಹಿಡಿದದ್ದು ಹೇಗೆ? ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಆತ ಈ ಗಣತಿಯ ಹುಳುಕನ್ನು ಬಯಲಿಗೆಳೆದ. ಕಪ್ಪು ವೈದ್ಯನೊಬ್ಬನಿಗೆ ಪದವಿ ಏಕೆ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಗ್ರೀಕ್ ವ್ಯಾಕರಣದ ಸವಾಲು

ಇದೇ ಕ್ಯಾಲ್ಹೂನ್ ಇನ್ನೊಬ್ಬ ಹುಡುಗನ ಬದುಕಿನಲ್ಲೂ ಬರುತ್ತಾನೆ. ಅಲೆಕ್ಸಾಂಡರ್ ಕ್ರಮೆಲ್ 1819ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಸ್ಮಿತ್ ಓದಿದ ಆಫ್ರಿಕನ್ ಫ್ರೀ ಸ್ಕೂಲ್‌ನಲ್ಲಿಯೇ ಓದಿದವನು. ಚಿಕ್ಕವನಿದ್ದಾಗ ಕಚೇರಿಯೊಂದರಲ್ಲಿ ಆಳಾಗಿ ಕೆಲಸ ಮಾಡುತ್ತಿದ್ದ. ಗ್ರೀಕ್ ವಾಕ್ಯರಚನೆ ಬಲ್ಲ ಒಬ್ಬ ನೀಗ್ರೋನನ್ನು ತೋರಿಸಿದರೆ, ಆ ಜನ ಮನುಷ್ಯರೆಂದು ನಂಬಿಯೇನು ಎಂದು ಕ್ಯಾಲ್ಹೂನ್ ಹೇಳಿದ್ದನೆಂಬ ಸುದ್ದಿ ಅಲ್ಲಿ ಅವನ ಕಿವಿಗೆ ಬಿತ್ತು. ಈ ಪ್ರಸಂಗವನ್ನು ಕ್ರಮೆಲ್ ತನ್ನ ಇಳಿವಯಸ್ಸಿನಲ್ಲಿ, 1897ರ ಭಾಷಣವೊಂದರಲ್ಲಿ ಹೇಳಿಕೊಂಡಿದ್ದಾನೆ. ಗ್ರೀಕ್ ಕಲಿಸುವ ಶಾಲೆಗಳ ಬಾಗಿಲು ಮುಚ್ಚಿ, ನಿಮಗೆ ಗ್ರೀಕ್ ಬರುವುದಿಲ್ಲ ಎಂದು ಜರೆಯುವ ನ್ಯಾಯ ಅದು.

1835ರಲ್ಲಿ ಆತ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕೇನನ್ ಎಂಬ ಊರಿನ ಹೊಸ ಶಾಲೆಗೆ ಸೇರಿದ. ಕಪ್ಪು, ಬಿಳಿ ಮಕ್ಕಳನ್ನು ಜೊತೆಗೆ ಕೂಡಿಸುವ ಶಾಲೆ ಅದು. ಊರವರಿಗೆ ಸಹಿಸಲಾಗಲಿಲ್ಲ. ಅದೇ ಆಗಸ್ಟಿನಲ್ಲಿ ಹತ್ತಾರು ಜೋಡಿ ಎತ್ತುಗಳನ್ನು ತಂದು ಹೂಡಿ, ಶಾಲೆಯ ಕಟ್ಟಡವನ್ನೇ ಅಡಿಪಾಯದಿಂದ ಕಿತ್ತು ಎಳೆದೊಯ್ದರು. ಮುಂದೆ ಪಾದ್ರಿಯಾಗಲು ನ್ಯೂಯಾರ್ಕಿನ ಧರ್ಮಶಿಕ್ಷಣ ಸಂಸ್ಥೆಗೆ 1839ರಲ್ಲಿ ಅರ್ಜಿ ಹಾಕಿದಾಗಲೂ ಬಣ್ಣದ ಕಾರಣದಿಂದಲೇ ನಿರಾಕರಣೆ. ಬೇರೆ ಕಡೆ ಓದಿ 1844ರಲ್ಲಿ ಪಾದ್ರಿಯಾದ.

1848ರಲ್ಲಿ ತನ್ನ ಚರ್ಚಿಗೆ ಹಣ ಕೂಡಿಸಲು ಇಂಗ್ಲೆಂಡಿಗೆ ಹೋದ ಕ್ರಮೆಲ್‌ಗೆ ಅಲ್ಲಿನ ಗೆಳೆಯರು ಓದಿನ ಏರ್ಪಾಟು ಮಾಡಿದರು. 1849ರಲ್ಲಿ ಕೇಂಬ್ರಿಜ್‌ನ ಕ್ವೀನ್ಸ್ ಕಾಲೇಜು ಸೇರಿದ. ಆ ಹೊತ್ತಿಗೆ ಆತ ಹೆಂಡತಿ ಮಕ್ಕಳಿದ್ದ ಮೂವತ್ತರ ಗೃಹಸ್ಥ. 1853ರಲ್ಲಿ ಪದವಿ ಪಡೆದ. ಕೇಂಬ್ರಿಜ್ ದಾಖಲೆಗಳಲ್ಲಿ ಹೆಸರು ಸಿಗುವ ಮೊದಲ ಕಪ್ಪು ಪದವೀಧರ ಆತನೇ. ಪದವಿ ಪ್ರದಾನದ ದಿನ ಯಾರೋ ಬಣ್ಣ ಹಿಡಿದು ಹೀಯಾಳಿಸಿ ಕೂಗಿದಾಗ, ಎಡ್ವರ್ಡ್ ವೈಟ್ ಬೆನ್ಸನ್ ಎಂಬ ಯುವಕ ಎದ್ದು ಕ್ರಮೆಲ್‌ಗೆ ಜೈಕಾರ ಹಾಕಿಸಿದನಂತೆ. ಆ ಬೆನ್ಸನ್ ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ. ಕ್ರಮೆಲ್ ಪಶ್ಚಿಮ ಆಫ್ರಿಕದ ಲೈಬೀರಿಯಾದಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದು ಅಮೆರಿಕಕ್ಕೆ ಮರಳಿದ. 1897ರಲ್ಲಿ ಕಪ್ಪು ವಿದ್ವಾಂಸರ ಅಮೆರಿಕನ್ ನೀಗ್ರೋ ಅಕಾಡೆಮಿಯನ್ನು ಸ್ಥಾಪಿಸಿದ.

ಲಂಡನ್ನಿನ ಹೆಣ್ಣುಮಕ್ಕಳ ಕಾಲೇಜು

ಬಣ್ಣದ ಜೊತೆಗೆ ಹೆಣ್ಣೆಂಬ ತೊಡಕೂ ಸೇರಿದರೆ ದಾರಿ ಇನ್ನಷ್ಟು ಕಿರಿದು. ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಸಾರಾ ಪಾರ್ಕರ್ ರೆಮಂಡ್ ಬಾಲ್ಯದಲ್ಲಿಯೇ ಬಣ್ಣದ ಕಾರಣಕ್ಕೆ ಶಾಲೆಯಿಂದ ಹೊರಬಿದ್ದವಳು. ಗುಲಾಮಗಿರಿಯ ವಿರುದ್ಧ ಭಾಷಣ ಮಾಡಲು 1859ರಲ್ಲಿ ಇಂಗ್ಲೆಂಡಿಗೆ ಬಂದ ಆಕೆ, ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿಗೆ ಸೇರಿದಳು. ಅದು ಎಲಿಜಬೆತ್ ಜೆಸ್ಸರ್ ರೀಡ್ 1849ರಲ್ಲಿ ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆಂದು ತೆರೆದ ಕಾಲೇಜು. ಆಗ ಅಲ್ಲಿ ಪದವಿ ಇರಲಿಲ್ಲ. ಲಂಡನ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಪದವಿ ಕೊಡಲು ಒಪ್ಪಿದ್ದು 1878ರಲ್ಲಿ. ಆಕ್ಸ್‌ಫರ್ಡ್ ಒಪ್ಪಿದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ.

ಓದುತ್ತಿದ್ದ ದಿನಗಳಲ್ಲಿಯೇ ರೆಮಂಡ್ ಫ್ರಾನ್ಸಿಗೆ ಹೋಗಬೇಕೆಂದು ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಗೆ ಹೋದಳು. ಕಪ್ಪು ಜನ ಅಮೆರಿಕದ ಪ್ರಜೆಗಳೇ ಅಲ್ಲ ಎಂದು ಅಲ್ಲಿ ಆಕೆಯ ಪಾಸ್‌ಪೋರ್ಟಿಗೆ ಮುದ್ರೆ ಒತ್ತಲು ನಿರಾಕರಿಸಲಾಯಿತು. ಆಕೆ ಸುಮ್ಮನಿರಲಿಲ್ಲ, ವಿಷಯವನ್ನು ಪತ್ರಿಕೆಗಳಿಗೆ ಒಯ್ದಳು. 1865ರಲ್ಲಿ ಬ್ರಿಟನ್ನಿನ ಪೌರತ್ವ ಪಡೆದಳು. ಬಳಿಕ ಇಟಲಿಯ ಫ್ಲಾರೆನ್ಸ್‌ನಲ್ಲಿ ವೈದ್ಯ ಶಿಕ್ಷಣ ಪಡೆದು ಅಲ್ಲಿಯೇ ನೆಲೆಸಿದಳು.

ರೋಡ್ಸ್ ಉಯಿಲು

ಅಮೆರಿಕನ್ನರು ಆಕ್ಸ್‌ಫರ್ಡಿಗೆ ಅರ್ಜಿ ಹಾಕುವುದಕ್ಕೆ ಒಂದು ವ್ಯವಸ್ಥೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಕೋಟ್ಯಧೀಶನಾದ ಸಿಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡಾಗ, ವಿದ್ಯಾರ್ಥಿವೇತನಕ್ಕೆಂದು ದೊಡ್ಡ ಮೊತ್ತ ಬಿಟ್ಟುಹೋಗಿದ್ದ. 1904ರಲ್ಲಿ ಅಮೆರಿಕದ ಮೊದಲ ತಂಡ ಆಕ್ಸ್‌ಫರ್ಡಿಗೆ ಬಂತು. ಜನಾಂಗ ಅಥವಾ ಧರ್ಮದ ಕಾರಣದಿಂದ ಯಾರನ್ನೂ ಅನರ್ಹಗೊಳಿಸಬಾರದೆಂದು ಉಯಿಲಿನಲ್ಲಿ ಬರೆದಿತ್ತು. ಜನಾಂಗ ಎಂದಾಗ ರೋಡ್ಸ್‌ನ ಮನಸ್ಸಿನಲ್ಲಿ ಇದ್ದದ್ದು ಇಂಗ್ಲಿಷರು ಮತ್ತು ಡಚ್ ಮೂಲದ ಬೋಯರರು ಮಾತ್ರ ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಆದರೆ ಉಯಿಲಿನ ಅಕ್ಷರಗಳನ್ನು ಹಿಡಿದು ಬಾಗಿಲು ತಟ್ಟುವವನೊಬ್ಬ ಬೇಗನೆ ಬಂದ.

ಫಿಲಡೆಲ್ಫಿಯಾದ ಅಲೇನ್ ಲಾಕ್, ಹಾರ್ವರ್ಡ್ ಪದವೀಧರ, 1907ರಲ್ಲಿ ಆಯ್ಕೆಯಾದ ಮೊದಲ ಕಪ್ಪು ರೋಡ್ಸ್ ವಿದ್ಯಾರ್ಥಿ. ದಕ್ಷಿಣದ ರಾಜ್ಯಗಳ ಬಿಳಿಯ ವಿದ್ಯಾರ್ಥಿಗಳು ಪ್ರತಿಭಟಿಸಿದರು. ವಿದ್ಯಾರ್ಥಿವೇತನ ಸಿಕ್ಕರೂ ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಆತನನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಹರ್ಟ್‌ಫರ್ಡ್ ಕಾಲೇಜು ಸೇರಿಸಿಕೊಂಡಿತು. ಅಮೆರಿಕನ್ ವಿದ್ಯಾರ್ಥಿಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಆತನಿಗೆ ಕರೆ ಬರಲಿಲ್ಲ. ಕಡಲು ದಾಟಿದರೂ ತಾಯ್ನಾಡಿನ ಬಣ್ಣದ ಗೋಡೆ ಹಡಗಿನಲ್ಲಿಯೇ ಜೊತೆಗೆ ಬಂದಿತ್ತು.

ಲಾಕ್‌ಗೆ ಜೊತೆಯಾದವರು ವಸಾಹತುಗಳ ಹುಡುಗರು. ಆಕ್ಸ್‌ಫರ್ಡಿನ ಕಾಸ್ಮಾಪಾಲಿಟನ್ ಕ್ಲಬ್ಬಿನಲ್ಲಿ ಭಾರತ, ಈಜಿಪ್ಟ್, ದಕ್ಷಿಣ ಆಫ್ರಿಕದ ಯುವಕರು ಸೇರುತ್ತಿದ್ದರು. 1912ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಪಿಕ್ಸ್ಲೀ ಸೇಮೆ ಅವರಲ್ಲೊಬ್ಬ. ಲಾಕ್ ಆಕ್ಸ್‌ಫರ್ಡ್ ಪದವಿ ಪಡೆಯದೆಯೇ ಹೊರಬಂದ. ಆದರೆ 1925ರಲ್ಲಿ ಆತ ಸಂಪಾದಿಸಿದ ‘ದಿ ನ್ಯೂ ನೀಗ್ರೋ’ ಸಂಕಲನ, ಹಾರ್ಲೆಮ್ ನವೋದಯವೆಂದು ಹೆಸರಾದ ಸಾಂಸ್ಕೃತಿಕ ಚಳವಳಿಗೆ ದನಿಯಾಯಿತು. ಲಾಕ್ ನಂತರ ಇನ್ನೊಬ್ಬ ಕಪ್ಪು ಅಮೆರಿಕನ್ ಈ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಲು 1960ರ ದಶಕ ಬರಬೇಕಾಯಿತು. ಮಹಿಳಾ ವಿದ್ಯಾರ್ಥಿಗಳ ಮೊದಲ ತಂಡ ಆಕ್ಸ್‌ಫರ್ಡಿಗೆ ಬಂದದ್ದು 1977ರಲ್ಲಿ.

ಈ ನಡುವೆ ಬ್ರಿಟನ್ನೇ ಅಮೆರಿಕನ್ನರನ್ನು ಕೈಬೀಸಿ ಕರೆಯತೊಡಗಿತ್ತು. ಮೊದಲ ಮಹಾಯುದ್ಧಕ್ಕೆ ಮುನ್ನ ಡಾಕ್ಟರೇಟ್ ಬಯಸುವ ಅಮೆರಿಕನ್ನರು ಜರ್ಮನಿಗೆ ಹೋಗುತ್ತಿದ್ದರು. ಯುದ್ಧದ ಹೊತ್ತಿನಲ್ಲಿ ಅವರನ್ನು ತನ್ನ ಕಡೆ ಸೆಳೆಯಬೇಕೆಂಬ ಉದ್ದೇಶವೂ ಸೇರಿ, ಆಕ್ಸ್‌ಫರ್ಡ್ 1917ರಲ್ಲಿ ಡಿ.ಫಿಲ್. ಪದವಿ ಆರಂಭಿಸಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನೆರವಿಗೆ ಕೃತಜ್ಞತೆಯಾಗಿ ಬ್ರಿಟಿಷ್ ಸರ್ಕಾರ 1953ರಲ್ಲಿ ಮಾರ್ಷಲ್ ವಿದ್ಯಾರ್ಥಿವೇತನ ಸ್ಥಾಪಿಸಿತು.

ತಡವಾಗಿ ಬಂದ ಮನ್ನಣೆ

ಇಂದಿನ ಅರ್ಜಿದಾರರ ಚಿಂತೆಗಳು ಬೇರೆ. 1993ರಲ್ಲಿ ರೂಪುಗೊಂಡ ಯುಕಾಸ್ ಎಂಬ ಕೇಂದ್ರ ಸಂಸ್ಥೆಯ ಒಂದೇ ಅರ್ಜಿಯಲ್ಲಿ ಪದವಿ ತರಗತಿಗೆ ಐದು ಆಯ್ಕೆಗಳನ್ನು ಸೂಚಿಸಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಗಡುವು ಅಕ್ಟೋಬರ್ ಮಧ್ಯಕ್ಕೇ ಮುಗಿಯುತ್ತದೆ. ಕ್ರೀಡೆ, ಸಮಾಜಸೇವೆಗಳನ್ನು ತೂಗಿ ನೋಡುವ ಅಮೆರಿಕನ್ ಪದ್ಧತಿಗೆ ಒಗ್ಗಿಕೊಂಡ ಹುಡುಗರಿಗೆ, ಓದುವ ವಿಷಯದ ಮೇಲೆಯೇ ಕಣ್ಣಿಡುವ ಬ್ರಿಟಿಷ್ ಪದ್ಧತಿ ಹೊಸದೆನಿಸುತ್ತದೆ. ಈಗ ತಡೆಗೋಡೆ ಬಣ್ಣದ್ದಲ್ಲ, ಬಹುಮಟ್ಟಿಗೆ ಹಣದ್ದು. ಹೊರದೇಶದವರು ತೆರಬೇಕಾದ ಶುಲ್ಕ ಸ್ಥಳೀಯರಿಗಿಂತ ಬಹಳ ಹೆಚ್ಚು.

ಸ್ಮಿತ್‌ನ ಅರ್ಜಿಯನ್ನು ತಿರಸ್ಕರಿಸಿದ ಕೊಲಂಬಿಯಾ, ಎಂಬತ್ತು ವರ್ಷಗಳ ನಂತರ, 1913ರಲ್ಲಿ ಬಿ.ಆರ್. ಅಂಬೇಡ್ಕರ್ ಅವರನ್ನು ಸೇರಿಸಿಕೊಂಡಿತು. ಅಲ್ಲಿಂದ ಅವರು ಲಂಡನ್ನಿಗೆ ಹೋದರು. ಹುಟ್ಟಿದ ನೆಲ ಕೀಳೆಂದು ಕಂಡವರನ್ನು ಕಡಲಾಚೆಯ ತರಗತಿಗಳು ಸೇರಿಸಿಕೊಂಡ ಕಥೆ ನಮಗೂ ಹೊಸತಲ್ಲ.

ಸ್ಮಿತ್‌ನ ಕಥೆಗೆ ಮುಕ್ತಾಯ ಸಿಕ್ಕಿದ್ದು ಬಹಳ ತಡವಾಗಿ. 1847ರಲ್ಲಿ ನ್ಯೂಯಾರ್ಕ್ ವೈದ್ಯ ಅಕಾಡೆಮಿಯ ಸದಸ್ಯತ್ವಕ್ಕೆ ಆತನ ಹೆಸರು ಸೂಚಿತವಾದಾಗ, ಗ್ಲಾಸ್ಗೋದ ಪದವಿಗೂ ಮನ್ನಣೆ ಸಿಗಲಿಲ್ಲ. 1863ರ ಜುಲೈ ಗಲಭೆಯಲ್ಲಿ ಬಿಳಿಯರ ಗುಂಪು, ಆತ ವೈದ್ಯನಾಗಿದ್ದ ಅನಾಥಾಶ್ರಮಕ್ಕೆ ಬೆಂಕಿ ಹಚ್ಚಿತು. 200ಕ್ಕೂ ಹೆಚ್ಚು ಮಕ್ಕಳನ್ನು ಹೇಗೋ ಪಾರುಮಾಡಲಾಯಿತು. 1865ರ ನವೆಂಬರಿನಲ್ಲಿ, ಗುಲಾಮಗಿರಿಯನ್ನು ರದ್ದುಪಡಿಸುವ ತಿದ್ದುಪಡಿ ಸಂವಿಧಾನಕ್ಕೆ ಸೇರುವ ಕೆಲವೇ ವಾರಗಳ ಮುಂಚೆ, ಸ್ಮಿತ್ ತೀರಿಕೊಂಡ. ಸಮಾಧಿಗೆ ಹೆಸರು ಕೆತ್ತಿದ ಕಲ್ಲನ್ನು ವಂಶಸ್ಥರು ನೆಡಿಸಿದ್ದು 2010ರಲ್ಲಿ. ನ್ಯೂಯಾರ್ಕ್ ಅಕಾಡೆಮಿ ಆತನಿಗೆ ಮರಣೋತ್ತರ ಸದಸ್ಯತ್ವ ನೀಡಿದ್ದು 2018ರಲ್ಲಿ. 2021ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಹೊಸ ಕಲಿಕಾ ಕೇಂದ್ರವನ್ನು ಆತನ ಹೆಸರಿನಲ್ಲಿ ತೆರೆಯಿತು. ಅಮೆರಿಕದಿಂದ ಅಲ್ಲಿಗೆ ಓದಲು ಬರುವವರು ಕೂತು ಓದುವುದು ಈಗ, ತಿದಿ ಒತ್ತುತ್ತ ಲ್ಯಾಟಿನ್ ಕಲಿತ ಆ ಹುಡುಗನ ಹೆಸರಿನ ಕಟ್ಟಡದಲ್ಲಿ.